ನೀರಿನ ಪೆನ್ನಿನ ಬಣ್ಣದ ಪುಸ್ತಕ: ವಿಮಾನದಲ್ಲಿ ಮಕ್ಕಳನ್ನ ಕೂರಿಸೋಕೆ ನಾನು ಕೊಡೋ ಓಟು ಇದಕ್ಕೇ

ಪುಟ್ಟ ಮಕ್ಕಳನ್ನ ಕರ್ಕೊಂಡು ವಿಮಾನ ಹತ್ತೋರು ಯಾರಾದ್ರೂ ಏನಾದ್ರೂ ಒಂದು ವಸ್ತು ಹೇಳಿ ಅಂತ ಕೇಳಿದ್ರೆ ನಾನು ಯೋಚನೆನೂ ಮಾಡ್ದೆ ಇದನ್ನೇ ಹೇಳ್ತೀನಿ. ನೋಡಿರ್ತೀರ, ದಪ್ಪ ರಟ್ಟಿನ ನಾಲ್ಕೈದು ಹಾಳೆ, ಮೇಲೆ ಸ್ಪೈರಲ್ ಬೈಂಡಿಂಗು, ಜೊತೆಗೊಂದು ಗಿಡ್ಡ ದಪ್ಪ ಪೆನ್ನು, ಆ ಪೆನ್ನಿಗೆ ನೀರು ತುಂಬಿ ಹಾಳೆ ಮೇಲೆ ಉಜ್ಜಿದ್ರೆ ಬೆಳ್ಳಗಿದ್ದ ಜಾಗದಲ್ಲಿ ಬಣ್ಣದ ಚಿತ್ರ ಎದ್ದು ಬರತ್ತೆ, ಒಣಗಿದ ಮೇಲೆ ಮತ್ತೆ ಬೆಳ್ಳಗಾಗತ್ತೆ. ಚಿತ್ರ ಮೊದಲೇ ಪ್ರಿಂಟ್ ಆಗಿರತ್ತೆ, ಅದರ ಮೇಲೆ ಸಣ್ಣ ಸಣ್ಣ ರಂಧ್ರ ಇರೋ ಬಿಳಿ ಲೇಪನ ಇರತ್ತೆ, ನೀರು ಆ ರಂಧ್ರದೊಳಗೆ ಹೋದಾಗ ಬಿಳಿ ಬಟ್ಟೆ ಒದ್ದೆಯಾದ್ರೆ ಒಳಗಿಂದು ಕಾಣೋ ಹಾಗೆ ಕೆಳಗಿನ ಬಣ್ಣ ಕಾಣತ್ತೆ, ಅಷ್ಟೇ ವಿಷಯ. ಮೂರರಿಂದ ಆರು ವರ್ಷದ ಮಕ್ಕಳಿಗೆ ಹೇಳಿ ಮಾಡಿಸಿದ್ದು, ಅದಕ್ಕಿಂತ ದೊಡ್ಡೋರಿಗೆ ಬೇಗ ಬೋರಾಗತ್ತೆ.

ಮನೇಲಿ ಇದು ಒಂದು ಸಾಧಾರಣ ಆಟದ ಸಾಮಾನು, ವಿಮಾನದಲ್ಲಿ ಮಾತ್ರ ಇದರ ಕಥೆನೇ ಬೇರೆ. ಒಳಗಿನ ಗಾಳಿ ವಿಪರೀತ ಒಣ, ತೇವಾಂಶ ಸಾಮಾನ್ಯವಾಗಿ ನೂರಕ್ಕೆ 10ರಿಂದ 20ರಷ್ಟೇ ಇರತ್ತೆ. ನಮ್ಮ ತುಟಿ ಮೂಗು ಒಣಗೋದು ಅದಕ್ಕೇ, ಈ ಪುಸ್ತಕಕ್ಕೆ ಮಾತ್ರ ಅದೇ ವರ. ಮನೇಲಿ ಒಂದು ಪುಟ ಒಣಗೋವರೆಗೂ ಕಾಯೋ ತಾಳ್ಮೆ ನಮ್ಮ ಮಗಳಿಗಿಲ್ಲ, ಅಲ್ಲಿ ಕೊನೇ ಪುಟ ಮುಗಿಸೋಷ್ಟರಲ್ಲಿ ಮೊದಲ್ನೇದು ರೆಡಿ. ಸಮುದ್ರದ ಪುಟದಲ್ಲಿ ಒಂದು ಆಕ್ಟೋಪಸ್ ಇದೆ, ಅದರ ಒಂದೊಂದು ಕಾಲನ್ನೂ ನಾಲಿಗೆ ಹೊರಗೆ ಚಾಚ್ಕೊಂಡು ನಿಧಾನಕ್ಕೆ ಉಜ್ಜಿ ನೇರಳೆ ಬಣ್ಣ ಬರಿಸಿದ್ಲು, ಆಮೇಲೆ ತುದಿ ಕಡೆಯಿಂದ ಅದು ಮಾಯ ಆಗೋಕೆ ಶುರುವಾದಾಗ ಪೆನ್ನು ಕೆಳಗಿಟ್ಟು "ಅಮ್ಮಾ ಹೋಗ್ತಿದೆ, ಹೋಗ್ತಿದೆ" ಅಂತ ಪಿಸುಗುಟ್ಕೊಂಡು ಕೂತ್ಲು, ಪೂರ್ತಿ ಹೋದ್ಮೇಲೆ ಮತ್ತೆ ಮೊದಲ ಕಾಲಿಂದ ಶುರು. ಬಣ್ಣ ಬರಿಸೋದಷ್ಟೇ ಅಲ್ಲ, ಅದು ಹೋಗೋದನ್ನ ನೋಡೋದೂ ಆಟನೇ, ಹೀಗಾಗಿ ನಾಲ್ಕೇ ಪುಟ ಅಂದ್ರೂ ಮುಗಿಯಲ್ಲ.

ಈಗ ಪೆನ್ನಿನ ವಿಷಯ, ಇದನ್ನ ಸ್ವಲ್ಪ ಗಮನ ಕೊಟ್ಟು ಓದಿ. ವಿಮಾನ ಮೇಲೆ ಹೋದ ಹಾಗೆ ಒಳಗಿನ ಗಾಳಿ ಒತ್ತಡ ಕಡಿಮೆ ಆಗ್ತಾ ಹೋಗತ್ತೆ, ಹೆಚ್ಚು ಕಮ್ಮಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಕೂತಷ್ಟು. ಪೆನ್ನಲ್ಲಿ ಅರ್ಧ ನೀರು ಅರ್ಧ ಗಾಳಿ ಇದ್ರೆ ಆ ಗಾಳಿ ಹಿಗ್ಗಿ ನೀರನ್ನ ಬ್ರಷ್ ತುದಿಯಿಂದ ಹೊರಗೆ ತಳ್ಳತ್ತೆ, ಮಗು ತೊಡೆ ಮೇಲೆ ತೊಟ್ಟಿಕ್ಕತ್ತೆ, ಪುಟದ ಮೇಲೆ ಕೆರೆ ಆಗತ್ತೆ. ಇಂಕ್ ಪೆನ್ನು ಇಟ್ಕೊಂಡು ಓಡಾಡೋರಿಗೆ ಈ ಕಷ್ಟ ಗೊತ್ತೇ ಇರತ್ತೆ. ಅದಕ್ಕೆ ಖಾಲಿ ಪೆನ್ನು ತಗೊಂಡು ಹತ್ತಿ. ಸೆಕ್ಯೂರಿಟಿಲಿ 100 ಮಿಲಿಗಿಂತ ದೊಡ್ಡ ಬಾಟಲಿಯಲ್ಲಿ ನೀರು ಗೀರು ಒಯ್ಯೋ ಹಾಗಿಲ್ಲ ಅನ್ನೋ ನಿಯಮ ಇರೋ ಕಡೆನೂ ತಲೆಬಿಸಿ ಇಲ್ಲ. ವಿಮಾನ ಮೇಲೆ ಹೋಗಿ ಸಮ ಆದ್ಮೇಲೆ, ಬೆಲ್ಟ್ ಲೈಟ್ ಆರಿದ್ಮೇಲೆ, ಅವರು ಕೊಡೋ ಕುಡಿಯೋ ನೀರಿಂದ ಕಂಠಪೂರ್ತಿ ತುಂಬಿ. ಟಾಯ್ಲೆಟ್ ನಲ್ಲಿ ನೀರು ಬೇಡ ಪ್ಲೀಸ್, ಅದು ಕುಡಿಯೋಕಲ್ಲ, ಮಕ್ಕಳು ಆ ಬ್ರಷ್ ತುದಿನ ಬಾಯಿಗೆ ಹಾಕೇ ಹಾಕ್ತಾರೆ.

ನಾವು ಎರಡು ಥರದ್ದು ಬಳಸಿದ್ವಿ, ಹೆಸರು ಬೇಡ. ಒಂದ್ರಲ್ಲಿ ಪೆನ್ನಿನ ಹಿಂದಿನ ಮುಚ್ಚಳ ತಿರುಪಿ ಹಾಕೋದು, ಒಳಗೆ ರಬ್ಬರ್ ವಾಷರ್ ಇದೆ, ಎಷ್ಟು ಬಗ್ಗಿಸಿದ್ರೂ ಸೋರಲ್ಲ, ಪುಸ್ತಕದಲ್ಲೇ ಪೆನ್ನು ಸಿಕ್ಕಿಸೋಕೆ ಒಂದು ಗೂಡು ಇದೆ. ಇನ್ನೊಂದ್ರಲ್ಲಿ ಬರೀ ಒತ್ತಿ ಮುಚ್ಚೋ ಮುಚ್ಚಳ, ಮಗು ಸ್ವಲ್ಪ ಜೋರಾಗಿ ಅದುಮಿದ್ರೆ ಕಿತ್ಕೊಂಡು ಬರತ್ತೆ, ಪುಟಾಣಿ ಮುಚ್ಚಳ ಬೇರೆ, ಬಾಯಿಗೆ ಹೋದ್ರೆ ಗಂಟಲಿಗೆ ಸಿಕ್ಕೋ ಭಯ, ಹಾಗಾಗಿ ಇಂಥದ್ದು ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳ ಹತ್ರ ಸುಳಿಯಲೇಬಾರದು. ಜೊತೆಗೆ ಅದರ ಬಿಳಿ ಲೇಪನ ಕೆಲವು ಕಡೆ ಉಜ್ಜಿ ಉಜ್ಜಿ ಎದ್ದು ಹೋಗಿ ಚಿತ್ರ ಕಾಯಂ ಕಾಣೋ ಹಾಗಾಗಿದೆ, ನಮ್ಮ ಜಿರಾಫೆಗೆ ಈಗ ಕುತ್ತಿಗೆ ಯಾವಾಗ್ಲೂ ಹಳದಿನೇ. ಕೊಳ್ಳೋವಾಗ ಅಂಗಡೀಲಿ ಮುಚ್ಚಳ ಒಂದ್ಸಲ ಎಳೆದು ನೋಡಿ, ಆನ್‌ಲೈನ್ ಆದ್ರೆ ಪೆನ್ನಿನ ಹಿಂಭಾಗದ ಫೋಟೋ ಇದ್ಯಾ ಅಂತ ಹುಡುಕಿ.

ರಟ್ಟು ದಪ್ಪ ಇರೋದು ಮುಖ್ಯ ಅಂತ ನನಗೆ ಅನ್ಸಿದ್ದು ಟೇಕಾಫ್ ಹೊತ್ತಲ್ಲಿ, ಆಗ ಮುಂದಿನ ಟ್ರೇ ಮಡಚಿ ಇಡಬೇಕು, ತೆಳು ಪುಸ್ತಕ ತೊಡೆ ಮೇಲೆ ನಿಲ್ಲಲ್ಲ. ಇದು ನಿಲ್ಲತ್ತೆ. ಪೆನ್ನಲ್ಲಿ ನೀರಿಲ್ಲದಿದ್ರೂ ಮಗು ಅಲ್ಲಿ ಮೀನು ಇದೆ ಇಲ್ಲಿ ಆಮೆ ಇದೆ ಅಂತ ಬೆರಳಲ್ಲೇ ಉಜ್ಜಿ ಹುಡುಕ್ತಾ ಇರತ್ತೆ. ಕ್ರೆಯಾನ್ ಆದ್ರೆ ಉರುಳಿ ಸೀಟ್ ಸಂದಿಗೆ ಬೀಳತ್ತೆ, ಸ್ಕೆಚ್ ಪೆನ್ ಆದ್ರೆ ಸೀಟಿಗೆಲ್ಲ ಚಿತ್ತಾರ, ಇದರಲ್ಲಿ ಎಲ್ಲಿ ಬಿದ್ರೂ ಬರೀ ನೀರು. ಪೆನ್ನಿಗೆ ಒಂದು ದಾರ ಕಟ್ಟಿ ಸ್ಪೈರಲ್‌ಗೆ ಗಂಟು ಹಾಕ್ಬಿಡಿ, ಗೇಣುದ್ದ ಸಾಕು, ಉದ್ದ ಆದ್ರೆ ಕತ್ತಿಗೆ ಸುತ್ಕೋಬಹುದು.

ಟ್ಯಾಬ್ ಕೊಟ್ರೆ ಆಗಲ್ವಾ ಅಂತ ಕೇಳ್ತಾರೆ. ಆಗತ್ತೆ, ನಾವೂ ಕೊಡ್ತೀವಿ. ಆದ್ರೆ ಇಂಜಿನ್ ಸದ್ದು ಜಾಸ್ತಿ ಇರೋದ್ರಿಂದ ಮಕ್ಕಳು ಹೆಡ್‌ಫೋನ್ ವಾಲ್ಯೂಮ್ ಏರಿಸ್ತಾನೇ ಹೋಗ್ತಾರೆ, ಎಳೇ ಕಿವಿಗೆ ಅದು ಒಳ್ಳೇದಲ್ಲ, ಮತ್ತೆ ಟ್ಯಾಬ್ ವಾಪಸ್ ಕಿತ್ಕೊಳ್ಳೋವಾಗ ಶುರುವಾಗೋ ರಂಪ ಇದೆಯಲ್ಲ ಅದು ಈ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಕೈಗೆ ಕೆಲಸ ಇರತ್ತೆ, ಕಣ್ಣು ದಣಿದಾಗ ಮಗು ತಾನಾಗೇ ಬಿಟ್ಟು ಒರಗತ್ತೆ. ನನಗೆ ಈ ಪುಸ್ತಕದಲ್ಲಿ ತುಂಬಾ ಇಷ್ಟ ಆಗಿದ್ದೂ ಇದೇ, ಮಗುನ ಸುಮ್ಮನಿರಿಸೋದಲ್ಲ, ಮಗು ಖುಷಿಯಾಗಿ ಕೂತಿರೋದು, ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಇದರ ಕೈಲಿ ಆಗದೇ ಇರೋದು ಒಂದಿದೆ, ಕಿವಿ ನೋವು. ಇಳಿಯೋವಾಗ ಒತ್ತಡ ಮತ್ತೆ ಏರತ್ತೆ, ಮೂಗಿನ ಹಿಂಭಾಗಕ್ಕೂ ಕಿವಿಗೂ ಇರೋ ನಾಳ ಮಕ್ಕಳಲ್ಲಿ ಸಣ್ಣದು, ನೆಗಡಿ ಇದ್ರಂತೂ ಕಟ್ಕೊಳ್ಳತ್ತೆ, ಆಗ ಯಾವ ಆಟದ ಸಾಮಾನೂ ನಡೆಯಲ್ಲ. ಇಳಿಯೋಕೆ ಶುರು ಮಾಡಿದ್ದೇ ಪೆನ್ನು ತೆಗೆದಿಟ್ಟು ಗುಟುಕು ಗುಟುಕಾಗಿ ನೀರು ಕುಡಿಸಿ, ನುಂಗಿದಾಗ ಆ ನಾಳ ತೆರ್ಕೊಳ್ಳತ್ತೆ, ಕೂಸಾದ್ರೆ ಹಾಲು ಕುಡಿಸಿ, ನಿದ್ದೆ ಮಾಡ್ತಿದ್ರೆ ಎಬ್ಬಿಸೋದೇ ವಾಸಿ, ಯಾಕಂದ್ರೆ ನಿದ್ದೇಲಿ ನುಂಗೋದು ಕಮ್ಮಿ.

ಐದಕ್ಕೆ ನಾಲ್ಕೂವರೆ ಸ್ಟಾರು. ಅರ್ಧ ಕಡಿಮೆ ಯಾಕಂದ್ರೆ ಒಂದೇ ಪೆನ್ನು ಕೊಡ್ತಾರೆ, ಇಬ್ಬರು ಮಕ್ಕಳಿದ್ರೆ ಎರಡು ಪುಸ್ತಕನೇ ತಗೋಬೇಕು, ಅದೂ ಒಂದೇ ಚಿತ್ರದ್ದು, ಇಲ್ಲಾಂದ್ರೆ ಆಕ್ಟೋಪಸ್ ಯಾರಿಗೆ ಅಂತ ಜಗಳ. ಊರು ಸೇರಿದ ಮೇಲೆ ಪೆನ್ನಿನ ನೀರು ಚೆಲ್ಲಿ ಮುಚ್ಚಳ ತೆಗೆದು ಒಣಗಿಸಿ, ಹಾಗೇ ಬಿಟ್ರೆ ಒಳಗೆ ಬೂಷ್ಟು ಹಿಡಿಯತ್ತೆ.