ಪಹಣಿಯಲ್ಲಿ ಹೆಸರು ಬದಲಾಗಿದ್ದರೆ ಮೊದಲು ಕಡತದ ನಕಲು ತಗೊಳ್ಳಿ, ಜಗಳ ಆಮೇಲೆ

ನಿಮ್ಮ ಹೆಸರು ಇರಬೇಕಾದ ಪಹಣಿಯಲ್ಲಿ ಬೇರೆಯವರ ಹೆಸರು ಮಾತ್ರ ಕಂಡರೆ ಮೊದಲು ಒಂದು ಕೆಲಸ ಮಾಡಿ. ಆ ಹೆಸರು ಕೂರಲು ಕಾರಣವಾದ ಮ್ಯುಟೇಶನ್ (ಪಹಣಿಯಲ್ಲಿ ಹಕ್ಕುದಾರರ ಹೆಸರು ಬದಲಾಯಿಸುವ) ಕಡತದ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಒಂದು ಹಾಳೆಯೂ ಬಿಡದಂತೆ ಪೂರ್ತಿ ಕಡತ ಬೇಕು ಅಂತ ಬರೆಯಿರಿ. ದೂರು, ಪಂಚಾಯ್ತಿ, ವಕೀಲರ ನೋಟಿಸು ಎಲ್ಲ ಆಮೇಲೆ. ನಿಮಗೆ ವಿಷಯ ಗೊತ್ತಾಗಿದೆ ಅಂತ ಎದುರಿನವರಿಗೆ ತಿಳಿದ ಮೇಲೆ ಆ ಕಡತ ಇದ್ದ ಹಾಗೇ ಇರುತ್ತದೆ ಅನ್ನೋ ಭರವಸೆ ಇಲ್ಲ. ನಮ್ಮ ಅಮ್ಮನ ವಿಷಯದಲ್ಲಿ ಇದು ಕಣ್ಣೆದುರೇ ನಡೆಯಿತು.

ಜಮೀನು ಅಮ್ಮನ ತಂದೆ, ಅಂದರೆ ನಮ್ಮ ಅಜ್ಜ, ಸ್ವಂತ ದುಡಿಮೆಯಲ್ಲಿ ಕೊಂಡಿದ್ದು. ಉಯಿಲು ಬರೆಯದೆ ತೀರಿಕೊಂಡರು. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಇಂಥ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅನ್ನೋದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. 2005ರ ತಿದ್ದುಪಡಿ ಬಂದಿದ್ದು ಪಿತ್ರಾರ್ಜಿತ ಆಸ್ತಿಗೆ. ಇದನ್ನು ಬಿಡಿಸಿ ಹೇಳಲು ಕಾರಣವಿದೆ. "ನಿನ್ನ ಮದುವೆ 2005ಕ್ಕೆ ಮುಂಚೆಯೇ ಆಗಿದೆ, ನಿನಗೆ ಹಕ್ಕಿಲ್ಲ" ಅಂತ ಹೇಳಿ ಎಷ್ಟೋ ಹೆಣ್ಣುಮಕ್ಕಳ ಬಾಯಿ ಮುಚ್ಚಿಸುತ್ತಾರೆ. ಮದುವೆ ಯಾವಾಗ ಆಯಿತು ಅನ್ನೋದು ಲೆಕ್ಕಕ್ಕೇ ಬರುವುದಿಲ್ಲ. ಪಿತ್ರಾರ್ಜಿತ ಆಸ್ತಿ 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನು ಪ್ರಕಾರ ಭಾಗವಾಗಿ ಹೋಗಿದ್ದರೆ ಮಾತ್ರ ಬೇರೆ ಮಾತು.

ಅಜ್ಜ ಹೋದ ಮೇಲೆ ಮಾವಂದಿರು ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಕೊಟ್ಟರು. ಜೊತೆಗೆ ಇಟ್ಟ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೇ ಇರಲಿಲ್ಲ. ಪಹಣಿಯ 9ನೇ ಕಾಲಂನಲ್ಲಿ ಮಾವಂದಿರ ಹೆಸರು ಬಂತು, 10ನೇ ಕಾಲಂನಲ್ಲಿ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ನಂಬರು. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಇದು ಹೀಗೆ ಆಗಬಾರದು ಅಂತಲೇ ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 129ನೇ ಕಲಂ ಇದೆ. ಹಕ್ಕು ಬದಲಾವಣೆಯ ವರದಿ ಬಂದರೆ ಅದನ್ನು ಚಾವಡಿಯಲ್ಲಿ ಅಂಟಿಸಬೇಕು. ಸಂಬಂಧಪಟ್ಟ ಎಲ್ಲರಿಗೂ ಲಿಖಿತ ನೋಟಿಸು ಕೊಡಬೇಕು. ಯಾರಾದರೂ ತಕರಾರು ಎತ್ತಿದರೆ ಅದನ್ನು ತಕರಾರು ಪ್ರಕರಣಗಳ ರಿಜಿಸ್ಟರಿನಲ್ಲಿ ಬರೆದುಕೊಂಡು, ವಿಚಾರಣೆ ನಡೆಸಿ ತೀರ್ಮಾನ ಮಾಡಬೇಕು. ಇಡೀ ವ್ಯವಸ್ಥೆ ನಿಂತಿರುವುದು ಆ ನೋಟಿಸಿನ ಮೇಲೆ. ನೋಟಿಸು ಬಾರದವರು ತಕರಾರು ಎತ್ತುವುದಾದರೂ ಹೇಗೆ? ತಕರಾರು ಬರಲಿಲ್ಲ ಅಂದರೆ ವಿಚಾರಣೆಯೇ ಇಲ್ಲ, ಕೆಳಹಂತದಲ್ಲೇ ಸಹಿ ಬಿದ್ದು ಮುಗಿಯುತ್ತದೆ. ಹಾಗಾಗಿ ಮೋಸ ಮಾಡುವವರು ಕ್ರಯಪತ್ರ ತಿದ್ದುವ ಗೋಜಿಗೆ ಹೋಗಬೇಕಿಲ್ಲ. ನೋಟಿಸು ಕೊಟ್ಟ ಹಾಗೆ ಒಂದು ಸಾಲು ಬರೆಸಿಕೊಂಡರೆ ಸಾಕು.

ನಮ್ಮ ವಕೀಲರು ಹಳಬರು. ಅಮ್ಮ ಕಥೆ ಶುರು ಮಾಡುವ ಮೊದಲೇ "ಕಡತದ ನಕಲು ತಂದಿದ್ದೀರಾ ತಾಯಿ?" ಅಂತ ಕೇಳಿದರು. ಇಲ್ಲ ಅಂದಾಗ, "ಮೊದಲು ಅದು ಬರಲಿ, ಅಲ್ಲೀತನಕ ಅಣ್ಣಂದಿರ ಹತ್ರ ಈ ಮಾತೇ ಎತ್ತಬೇಡಿ" ಅಂದರು. ನಕಲು ಬಂತು. ಪ್ರತಿ ಹಾಳೆಗೂ ಕಚೇರಿಯ ಮುದ್ರೆ, ಮೇಲ್ತುದಿಯಲ್ಲಿ ಕೈಯಲ್ಲಿ ಬರೆದ ಪುಟಸಂಖ್ಯೆ. ಅರ್ಜಿ, ಮರಣ ಪತ್ರ, ವಂಶವೃಕ್ಷ, ಗ್ರಾಮ ಲೆಕ್ಕಿಗರ ವರದಿ, ಅದರ ಹಿಂದೆಯೇ ಕಂದಾಯ ನಿರೀಕ್ಷಕರ ಆದೇಶ. ವರದಿಯಲ್ಲಿ "ನೋಟಿಸು ಜಾರಿಯಾಗಿದೆ, ಯಾವುದೇ ತಕರಾರು ಬಂದಿರುವುದಿಲ್ಲ" ಅಂತ ಒಂದೇ ಸಾಲು. ಆದರೆ ನೋಟಿಸಿನ ಪ್ರತಿಯೂ ಇಲ್ಲ, ಅಮ್ಮನಿಗೋ ಚಿಕ್ಕಮ್ಮನಿಗೋ ತಲುಪಿದ ಗುರುತೂ ಇಲ್ಲ.

ಆ ನಕಲಿನ ಆಧಾರದ ಮೇಲೆ ಅದೇ ಭೂ ಕಂದಾಯ ಕಾಯ್ದೆಯ 136(2)ನೇ ಕಲಂ ಅಡಿ ಉಪವಿಭಾಗಾಧಿಕಾರಿಗಳಲ್ಲಿ ಮೇಲ್ಮನವಿ ಹಾಕಿದೆವು. ಇದಕ್ಕೆ 60 ದಿನದ ಗಡುವು. ಆದೇಶ ನಿಮ್ಮ ಕೈಗೆ ಬಂದ ದಿನದಿಂದ, ಇಲ್ಲವೇ ಆ ನಮೂದು ನಿಮಗೆ ಗೊತ್ತಾದ ದಿನದಿಂದ ಲೆಕ್ಕ. ಗೊತ್ತಾಗಿದ್ದು ಯಾವಾಗ ಅಂತ ತೋರಿಸಲು ನಕಲಿನ ಮೇಲಿನ ತಾರೀಖು ಕೆಲಸಕ್ಕೆ ಬರುತ್ತದೆ. ಹಳೇ ನಮೂದಾಗಿದ್ದರೆ ವಿಳಂಬ ಮನ್ನಾ ಅರ್ಜಿಯನ್ನೂ ಜೊತೆಗೇ ಹಾಕಿಬಿಡಿ.

ಕೆಳಗಿನ ಕಚೇರಿಯಿಂದ ಮೂಲ ಕಡತ ತರಿಸಿದರು. ವಕೀಲರು ಅದನ್ನು ಪರಿಶೀಲಿಸಲು ಕೂತಾಗ ನಾನೂ ಪಕ್ಕದಲ್ಲಿದ್ದೆ. 4ನೇ ಪುಟ ಆದಮೇಲೆ 5ನೇ ಪುಟ ಬರಬೇಕಿತ್ತು. ನಡುವೆ "4ಎ" ಅಂತ ಇನ್ನೊಂದು ಹಾಳೆ ಕೂತಿತ್ತು. ಉಳಿದ ಹಾಳೆಗಳಿಗೆಲ್ಲ ಮೂಲೆಯಲ್ಲಿ ದಾರ ಪೋಣಿಸಿದ ತೂತು ಅಗಲವಾಗಿ ಹರಿದಿತ್ತು, ಇದರದ್ದು ಮಾತ್ರ ಹೊಸದಾಗಿ ಚುಚ್ಚಿದ ಹಾಗೆ ಗುಂಡಗಿತ್ತು. ಅದು ನೋಟಿಸು. ಕೆಳಗೆ ಅಮ್ಮನ ಹೆಸರು, ಹೆಸರಿನ ಮುಂದೆ ಎಡಗೈ ಹೆಬ್ಬೆಟ್ಟಿನ ಗುರುತು.

ನಮ್ಮಮ್ಮ ಎಸ್ಸೆಸ್ಸೆಲ್ಸಿ ಓದಿದವರು. ಬ್ಯಾಂಕಿನಲ್ಲಿ, ಶಾಲೆಯ ದಾಖಲೆಗಳಲ್ಲಿ, ಎಲ್ಲ ಕಡೆ ಅವರದ್ದು ಸಹಿ. ಹೆಬ್ಬೆಟ್ಟು ಒತ್ತಿದ ಒಂದು ಕಾಗದವೂ ಇಲ್ಲ. ಹೆಣ್ಣುಮಗಳು, ಹಳ್ಳಿಯವಳು, ಓದು ಬಂದಿರಲಿಕ್ಕಿಲ್ಲ ಅಂತ ಯಾರೋ ಅಂದುಕೊಂಡೇ ಅದನ್ನು ತಯಾರು ಮಾಡಿದ್ದಾರೆ. ಆ ಹಾಳೆ ನೋಡಿ ಅಮ್ಮನಿಗೆ ಜಮೀನು ಹೋದುದಕ್ಕಿಂತ ಜಾಸ್ತಿ ನೋವಾಯಿತು.

ಮೊದಲ ನಕಲು ನಮ್ಮ ಕೈಯಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತು ಯೋಚಿಸಿ. "ನೋಟಿಸು ತಲುಪಿದೆ, ಇಗೋ ಗುರುತು" ಅನ್ನುತ್ತಿದ್ದರು. ನಾವು ಅಲ್ಲ ಅನ್ನಬೇಕು, ನಮ್ಮ ಮಾತನ್ನು ಯಾರು ನಂಬುತ್ತಿದ್ದರು? ಈಗ ಹಾಗಲ್ಲ. ಅದೇ ಕಚೇರಿ ಮುದ್ರೆ ಹಾಕಿ ಪೂರ್ತಿ ಕಡತ ಅಂತ ಕೊಟ್ಟ ನಕಲಿನಲ್ಲಿ ಆ ಹಾಳೆ ಇಲ್ಲವೇ ಇಲ್ಲ.

ಇಷ್ಟಾದರೂ ದಾರಿ ಸುಲಭ ಇರಲಿಲ್ಲ. ಒಂದು ವಾಯಿದೆಗೆ ಅಮ್ಮ ಬೆಳಗ್ಗೆಯಿಂದ ಕಚೇರಿಯ ಬೆಂಚಿನ ಮೇಲೆ ಕೂತಿದ್ದರು. ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ಮುಂದಿನ ತಾರೀಖು ಆಮೇಲೆ ಹೇಳ್ತೀವಿ ಅಂದರು. ಆಮೇಲೆ ಆರ್ಡರ್ ಶೀಟಿನ ನಕಲು ತೆಗೆಸಿದಾಗ ಅದೇ ದಿನದ ಮುಂದೆ "ಮೇಲ್ಮನವಿದಾರರು ಗೈರು, ಪ್ರಕರಣ ವಜಾ" ಅಂತ ಬರೆದಿತ್ತು. ಎದುರಿಗೆ ಕೂತವರ ಮಾತು ಕೇಳದೆ, ಬಂದೇ ಇಲ್ಲ ಅಂತ ಬರೆಯುವುದು ಕಡತ ತಿದ್ದುವಷ್ಟೇ ದೊಡ್ಡ ಅನ್ಯಾಯ. ಅವತ್ತು ವಕೀಲರು ಹಾಜರಿ ಮೆಮೊ ಕೊಟ್ಟು ನಮ್ಮ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡಿದ್ದರು. ಅದನ್ನು ಹಿಡಿದೇ ಪ್ರಕರಣ ಮತ್ತೆ ಊರ್ಜಿತ ಆಯಿತು. ನೀವೂ ಪ್ರತಿ ವಾಯಿದೆಗೆ ಸುಮ್ನೆ ಒಂದು ಸಾಲಿನ ಮೆಮೊ ಆದರೂ ಕೊಡಿ, ಮುದ್ರೆ ಇಲ್ಲದೆ ಹೊರಗೆ ಬರಬೇಡಿ.

"ಪಹಣಿಯಿಂದ ಹಕ್ಕು ಹುಟ್ಟಲ್ಲ ಬಿಡಿ, ಆರಾಮಾಗಿ ಸಿವಿಲ್ ಕೋರ್ಟಿಗೆ ಹೋದರಾಯ್ತು" ಅಂತ ನಮಗೆ ತುಂಬಾ ಜನ ಹೇಳಿದರು. ಮೊದಲರ್ಧ ನಿಜ. ಮ್ಯುಟೇಶನ್ ಆದ ಮಾತ್ರಕ್ಕೆ ಮಾಲೀಕತ್ವ ಬರುವುದೂ ಇಲ್ಲ, ಹೋಗುವುದೂ ಇಲ್ಲ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ, 2021ರಲ್ಲಿ ಮತ್ತೆ ಹೇಳಿದೆ. ಆದರೆ ಆರಾಮಾಗಿ ಅನ್ನೋ ಮಾತು ನಂಬಬೇಡಿ. ನಮ್ಮ ಭೂ ಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ತಪ್ಪು ಅಂತ ಸಾಬೀತಾಗುವವರೆಗೆ ಪಹಣಿಯ ನಮೂದು ಸರಿ ಅಂತಲೇ ಭಾವಿಸುತ್ತಾರೆ. ಸಾಬೀತು ಮಾಡುವ ಭಾರ ನಿಮ್ಮ ಹೆಗಲಿಗೆ ಬರುತ್ತದೆ. ಹಕ್ಕು ಘೋಷಣೆಯ ದಾವೆಗೆ ಕಾಲಮಿತಿ 3 ವರ್ಷ. ಅಷ್ಟರಲ್ಲಿ ಅದೇ ಪಹಣಿ ತೋರಿಸಿ ಬೆಳೆ ಸಾಲ ತೆಗೆಯಬಹುದು, ಜಮೀನು ಮಾರಲೂಬಹುದು. ಆಗ ನೀವು ಅಣ್ಣತಮ್ಮಂದಿರ ಜೊತೆಗೆ ಬ್ಯಾಂಕು, ಕೊಂಡವರು ಎಲ್ಲರ ಮೇಲೂ ಹೋರಾಡಬೇಕು.

ಅದಕ್ಕೇ ನಾವು ಎರಡೂ ಕಡೆ ಹೋದೆವು. ಕಂದಾಯ ಅಧಿಕಾರಿಗಳು ನಮೂದು ಸರಿಯಾಗಿ ಆಗಿದೆಯಾ ಅಂತ ನೋಡಬಹುದು, ಯಾರಿಗೆ ಎಷ್ಟು ಹಕ್ಕು ಅಂತ ತೀರ್ಮಾನಿಸುವುದು ಸಿವಿಲ್ ಕೋರ್ಟೇ. ವಿಭಾಗದ ದಾವೆ ಹಾಕಿ, ಜಮೀನು ಪರಭಾರೆ ಮಾಡಬಾರದು ಅಂತ ತಾತ್ಕಾಲಿಕ ತಡೆಯಾಜ್ಞೆ ತಗೊಂಡೆವು. ಆದೇಶದ ಪ್ರತಿಯನ್ನು ತಹಶೀಲ್ದಾರರಿಗೆ ಕೊಟ್ಟು ಪಹಣಿಯ 11ನೇ ಕಾಲಂನಲ್ಲಿ ನಮೂದು ಮಾಡಿಸಿದೆವು. ಈ ಕೊನೆಯ ಕೆಲಸ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ತಡೆಯಾಜ್ಞೆ ಮನೆಯ ಬೀರುವಿನಲ್ಲಿದ್ದರೆ ಕೊಳ್ಳಲು ಬಂದವರಿಗೆ ಹೇಗೆ ಕಾಣಬೇಕು? ನಮೂದು ಬಿದ್ದ ಮೇಲೆ, ಜಮೀನು ನೋಡಿಕೊಂಡು ಹೋಗಿದ್ದ ಒಬ್ಬರು ಹಿಂದೆ ಸರಿದರು.

ನಕಲು ಕೇಳಿದಾಗ "ಕಡತ ಸಿಗ್ತಿಲ್ಲ" ಅಂದರೆ ಬಾಯಿಮಾತಿಗೆ ವಾಪಸ್ ಬರಬೇಡಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ನಕಲಷ್ಟೇ ಅಲ್ಲ, ಕಡತವನ್ನು ಕೂತು ಪರಿಶೀಲಿಸುವ ಹಕ್ಕೂ ಅದರಲ್ಲಿದೆ. 30 ದಿನದೊಳಗೆ ಉತ್ತರ ಕೊಡಬೇಕು. ಕಡತ ಕಳೆದಿದೆ ಅಂತ ಅವರೇ ಬರೆದು ಕೊಟ್ಟರೆ ಆ ಕಾಗದವೂ ಮುಂದೆ ನಿಮ್ಮ ದಾಖಲೆಯೇ. ಯಾವ ವಿವಾದ ಇಲ್ಲದವರೂ ಸರ್ಕಾರದ "ಭೂಮಿ" ವೆಬ್‌ಸೈಟಿನಲ್ಲಿ ನಿಮ್ಮ ಸರ್ವೆ ನಂಬರಿನ ಪಹಣಿ ಮತ್ತು ಮ್ಯುಟೇಶನ್ ಸ್ಥಿತಿ ಆಗಾಗ ನೋಡ್ತಾ ಇರಿ. ಅದರಲ್ಲೂ ಮನೆಯಲ್ಲಿ ಯಾರಾದರೂ ತೀರಿಕೊಂಡ ಮೇಲಿನ ತಿಂಗಳುಗಳಲ್ಲಿ ಮರೆಯಲೇಬೇಡಿ. ದೂರದ ಊರಿಗೆ ಮದುವೆಯಾಗಿ ಹೋದ ಅಕ್ಕತಂಗಿಯರಿಗೆ ಇದನ್ನು ನೋಡಲು ಕಲಿಸಿಕೊಡಿ.

ನಮ್ಮ ಮೇಲ್ಮನವಿಯಲ್ಲಿ ಮ್ಯುಟೇಶನ್ ರದ್ದಾಗಿದೆ. ಎಲ್ಲ ವಾರಸುದಾರರಿಗೂ ನೋಟಿಸು ಕೊಟ್ಟು ಹೊಸದಾಗಿ ವಿಚಾರಣೆ ಮಾಡಿ ಅಂತ ತಹಶೀಲ್ದಾರರಿಗೆ ವಾಪಸ್ ಕಳಿಸಿದ್ದಾರೆ. ವಿಭಾಗದ ದಾವೆ ನಡೆಯುತ್ತಿದೆ. 4ಎ ಹಾಳೆಯ ಬಗ್ಗೆ ಪೊಲೀಸರಿಗೆ ಬೇರೆ ದೂರು ಕೊಟ್ಟಿದ್ದೇವೆ. ಸರ್ಕಾರಿ ದಾಖಲೆಯನ್ನು ನಕಲಿ ಮಾಡಿದರೆ 7 ವರ್ಷದವರೆಗೆ ಶಿಕ್ಷೆ ಇದೆ. ಆ ಹೆಬ್ಬೆಟ್ಟು ಯಾರದ್ದು ಅಂತ ಪತ್ತೆಯಾಗುವವರೆಗೆ ಈ ದೂರನ್ನು ವಾಪಸ್ ತಗೊಳ್ಳುವುದಿಲ್ಲ ಅಂತ ಅಮ್ಮ ಮಾವಂದಿರಿಗೆ ನೇರವಾಗಿಯೇ ಹೇಳಿದ್ದಾರೆ.