ಹಳೇ ಬಿ450 ಬೋರ್ಡಿಗೆ ಯಾವ ರೈಜನ್? 3600, 5500, 5600, 5700ಎಕ್ಸ್3ಡಿ ಹಾಕಿ ನೋಡಿದ್ದು

ನೇರವಾಗಿ ಹೇಳಿಬಿಡ್ತೀನಿ: ಎಎಂಡಿ ಕಂಪನಿಯ ಈ ನಾಲ್ಕು ಪ್ರೊಸೆಸರ್‌ಗಳಲ್ಲಿ ನನ್ನ ಕ್ಯಾಬಿನೆಟ್‌ನಲ್ಲಿ ಉಳಿದದ್ದು ರೈಜನ್ 5 5600. ಆದರೆ ತಮ್ಮನಿಗೆ 5500 ಸಾಕು ಅಂತ ನಾನೇ ಹೇಳಿದೆ. ಎರಡಕ್ಕೂ ಕಾರಣ ಇದೆ.

ನನ್ನದು ಬಿ450 ಮದರ್‌ಬೋರ್ಡ್, ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್. ಪ್ರೊಸೆಸರ್ ಮಾತ್ರ 2018ರ ರೈಜನ್ 3 2200ಜಿ. ನಾಲ್ಕು ಕೋರ್, ನಾಲ್ಕೇ ಥ್ರೆಡ್ (ಒಟ್ಟಿಗೆ ಮಾಡಬಲ್ಲ ಕೆಲಸಗಳು), ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಬರೀ 4 ಎಂಬಿ. ಗ್ರಾಫಿಕ್ಸ್ ಕಾರ್ಡಿಗೆ 16 ಲೇನ್ (ಡೇಟಾ ಓಡಾಡುವ ದಾರಿ) ಕೊಡುವ ಬದಲು 8 ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಸಾಲದ್ದಕ್ಕೆ ವಿಂಡೋಸ್ 11 ಬೆಂಬಲಿಸುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇದರ ಹೆಸರಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಎಎಂಡಿಯ ಹೊಸ ಸಾಕೆಟ್ ಎಎಂ5ಗೆ ಹೋಗೋಣ ಅಂದ್ರೆ ಬೋರ್ಡ್ ಜೊತೆ ಡಿಡಿಆರ್5 ರ‍್ಯಾಮೂ ಹೊಸದೇ ಬೇಕು. ಅಷ್ಟು ದುಡ್ಡು ಸುರಿಯೋ ಮನಸ್ಸಿರಲಿಲ್ಲ.

ಕೊಳ್ಳೋ ಮೊದಲು ತಪ್ಪು ಪ್ರೊಸೆಸರಿನದೇನಾ ಅಂತ ನೋಡಿಕೊಳ್ಳಿ. ಎಂಎಸ್ಐ ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರ್ ಹಾಕಿ, ಆಟ ಆಡುವಾಗಲೇ ಮೂಲೆಯಲ್ಲಿ ಅಂಕಿ ಕಾಣುವಂತೆ ಮಾಡಿಕೊಳ್ಳಿ. ನನ್ನಲ್ಲಿ ಜಿಟಿಎ 5ರಲ್ಲಿ ಊರೊಳಗೆ ಕಾರು ಜೋರಾಗಿ ಓಡಿಸಿದರೆ ನಾಲ್ಕೂ ಕೋರ್ 100 ಪರ್ಸೆಂಟ್‌ನಲ್ಲಿ ಒದ್ದಾಡುತ್ತಿದ್ದವು, ಕಾರ್ಡ್ ಅರ್ಧ ಕೆಲಸವೂ ಇಲ್ಲದೆ ಕೂತಿತ್ತು. ರೆಸಲ್ಯೂಷನ್ ಇಳಿಸಿದರೂ ಎಫ್‌ಪಿಎಸ್ (ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ) ಏರಲಿಲ್ಲ ಅಂದ್ರೆ ತಡೆ ಇರುವುದು ಪ್ರೊಸೆಸರ್‌ನಲ್ಲೇ. ನಿಮ್ಮಲ್ಲಿ ಕಾರ್ಡೇ 98, 99 ತೋರಿಸುತ್ತಿದ್ದರೆ ಪ್ರೊಸೆಸರ್ ಬದಲಾಯಿಸಿ ಏನೂ ಸಿಗಲ್ಲ. ರ‍್ಯಾಮ್ ಒಂದೇ ಕಡ್ಡಿ ಇದ್ದರೆ ಮೊದಲು ಅದಕ್ಕೊಂದು ಜೋಡಿ ಹಾಕಿ, ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸಾಫ್ಟ್‌ವೇರ್) ಎಕ್ಸ್ಎಂಪಿ, ಅಂದ್ರೆ ರ‍್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್, ಆನ್ ಮಾಡಿ. ರೈಜನ್‌ಗೆ ಇದು ತುಂಬಾ ಮುಖ್ಯ.

3600 ಗೆಳೆಯನ ಹತ್ತಿರ ಸುಮ್ನೆ ಬಿದ್ದಿತ್ತು. 5500 ತಮ್ಮನಿಗೆ ಅಂತ ತಂದದ್ದು. 5600 ನನ್ನ ದುಡ್ಡು. 5700ಎಕ್ಸ್3ಡಿ ಮಾತ್ರ ಹಾಸನದ ಸಾಲಗಾಮೆ ರಸ್ತೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಚಿಕ್ಕಪ್ಪನ ಮಗನದು. ರಜೆಗೆ ಬಂದಾಗ ಪುಸಲಾಯಿಸಿ ಇಸ್ಕೊಂಡೆ. ಬೋರ್ಡ್, ಕಾರ್ಡ್, ರ‍್ಯಾಮ್ ಎಲ್ಲಕ್ಕೂ ಒಂದೇ.

3600 ಹಾಕಿದ ತಕ್ಷಣ ಗೊತ್ತಾಗುವುದು ತಡೆದು ತಡೆದು ಓಡೋದು ನಿಂತದ್ದು. ಎಫ್‌ಪಿಎಸ್ ಸರಾಸರಿಗಿಂತ ಇದೇ ದೊಡ್ಡ ಬದಲಾವಣೆ. ಆರು ಕೋರ್, ಹನ್ನೆರಡು ಥ್ರೆಡ್ ಇರುವುದರಿಂದ ಹಿಂದೆ ಬ್ರೌಸರ್, ಡಿಸ್ಕಾರ್ಡ್ ತೆರೆದಿದ್ದರೂ ಆಟಕ್ಕೆ ಉಸಿರಾಡೋಕೆ ಜಾಗ ಇರುತ್ತದೆ. ಇದರಲ್ಲಿ 32 ಎಂಬಿ ಕ್ಯಾಶ್ ಇದೆ, ಆದರೆ 16, 16 ಆಗಿ ಎರಡು ಪಾಲು. ಮೂರು ಕೋರ್‌ಗೆ ಒಂದು ಪಾಲು. 5600ರಲ್ಲೂ ಅದೇ 32, ಆದರೆ ಇಡಿಯಾಗಿ ಆರು ಕೋರ್‌ಗೂ ಒಟ್ಟಿಗೆ. ಅಣ್ಣತಮ್ಮಂದಿರ ಪಾಲಾದ ಮನೆಗೂ ಕೂಡು ಮನೆಗೂ ಇರುವ ವ್ಯತ್ಯಾಸ ಅಂದ್ಕೊಳ್ಳಿ.

5500 ಹೆಸರು ನೋಡಿದರೆ 5600ಗಿಂತ ಒಂದು ಮೆಟ್ಟಿಲು ಕೆಳಗೆ, ಅಷ್ಟೇ ಅನ್ನಿಸುತ್ತದೆ ಅಲ್ವಾ? ಹಾಗಲ್ಲ. ಎರಡೂ 2022ರವೇ, ಎರಡೂ ಝೆನ್ 3 ಅನ್ನೋ ಒಂದೇ ವಿನ್ಯಾಸದವು. ಆದರೆ 5500ರಲ್ಲಿ ಕ್ಯಾಶ್ 16 ಎಂಬಿ, ವೇಗ 4.2 ಗಿಗಾಹರ್ಟ್ಸ್‌ವರೆಗೆ. 5600 ಹೋಗುವುದು 4.4ರವರೆಗೆ. 5600ರಲ್ಲಿ ಪಿಸಿಐಇ (ಕಾರ್ಡ್ ಜೋಡಿಸುವ ಸಂಪರ್ಕ) 4.0 ಕೂಡ ಇದೆ, ಆದರೆ ಬಿ450 ಬೋರ್ಡ್ 3.0ದ್ದು, ಅದು ಲೆಕ್ಕಕ್ಕಿಲ್ಲ. ಆಟದಲ್ಲಿ ನೋಡಿದರೆ 5500 ಮತ್ತು 3600 ಹೆಚ್ಚುಕಡಿಮೆ ಸಮ. ಕೌಂಟರ್ ಸ್ಟ್ರೈಕ್ 2ರಲ್ಲಿ ಹೊಗೆ ಬಾಂಬ್ ಬಿದ್ದು, ಹತ್ತೂ ಜನ ಒಂದೇ ಕಡೆ ನುಗ್ಗಿದಾಗ ಎರಡೂ ಕುಸಿಯುತ್ತವೆ. 5600 ಕುಸಿಯೋದು ಕಡಿಮೆ. ಸೈಬರ್‌ಪಂಕ್ 2077 ಹಾಕಿ ಸೆಟ್ಟಿಂಗ್ ಏರಿಸಿದರೆ ಮೂರರಲ್ಲೂ ಒಂದೇ ಅಂಕಿ, ಯಾಕಂದ್ರೆ ಅಲ್ಲಿ ಸುಸ್ತಾಗುವುದು 1660 ಸೂಪರ್. ತಮ್ಮನ ಮಾನಿಟರ್ 60 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 60 ಚಿತ್ರ ಅಷ್ಟೇ, ಆಡೋದು ಜಿಟಿಎ ಮತ್ತು ಫುಟ್‌ಬಾಲ್. ಅವನಿಗೆ 5600 ದಂಡ. ನನ್ನದು 144 ಹರ್ಟ್ಸ್, ಮುಂದೆ ಕಾರ್ಡ್ ಬದಲಾಯಿಸುವ ಯೋಚನೆಯೂ ಇದೆ.

5700ಎಕ್ಸ್3ಡಿ ಎಂಟು ಕೋರ್, 96 ಎಂಬಿ ಕ್ಯಾಶ್. ಕೌಂಟರ್ ಸ್ಟ್ರೈಕ್‌ನಲ್ಲಿ ರಾಜ. ಬೇರೆಡೆ ನನ್ನ ಕಾರ್ಡ್ ಜೊತೆ 5600ಗೂ ಅದಕ್ಕೂ ವ್ಯತ್ಯಾಸ ಹುಡುಕಬೇಕಾಯಿತು. ಡಬ್ಬಿಯಲ್ಲಿ ಕೂಲರ್ ಬರಲ್ಲ, ಅದರ ಖರ್ಚು ಬೇರೆ. ಕಾರ್ಡ್ ದೊಡ್ಡದಿದ್ದವರು ಕಣ್ಣು ಹಾಕಲಿ.

ಒಂದು ಮಾತು ನೆನಪಿರಲಿ: 2200ಜಿ ಒಳಗೇ ಗ್ರಾಫಿಕ್ಸ್ ಇತ್ತು, ಈ ನಾಲ್ಕರಲ್ಲೂ ಇಲ್ಲ. ಕಾರ್ಡ್ ಕೆಟ್ಟರೆ ಪರದೆ ಕಪ್ಪು.

ಬಯೋಸ್ ಅಪ್‌ಡೇಟನ್ನು ಹಳೇ ಪ್ರೊಸೆಸರ್ ಇರುವಾಗಲೇ ಮಾಡಬೇಕು. 3600ಗೆ 2019ರ ನಂತರದ್ದಾದರೂ ಬೇಕು. 5500, 5600ಗೆ 2022ರ ನಂತರದ್ದು ಹಾಕಿದರೆ ಚಿಂತೆಯಿಲ್ಲ. ಆ ವರ್ಷದ ಅಪ್‌ಡೇಟ್‌ನಲ್ಲೇ ಎಫ್‌ಟಿಪಿಎಂನಿಂದ (ಪ್ರೊಸೆಸರ್ ಒಳಗಿನ ಭದ್ರತಾ ವ್ಯವಸ್ಥೆ) ಆಗಾಗ ಜರ್ಕ್ ಹೊಡೆಯುತ್ತಿದ್ದ ತೊಂದರೆಯೂ ಹೋಯಿತು. ಡ್ರೈವ್‌ಗೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಹಾಕಿದ್ದರೆ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಅಪ್‌ಡೇಟ್ ಮಧ್ಯೆ ಕರೆಂಟ್ ಹೋದರೆ ಬೋರ್ಡ್ ಸತ್ತಂತೆಯೇ. ತಮ್ಮ ಇರೋದು ಸಕಲೇಶಪುರದಲ್ಲಿ. ಅಲ್ಲಿ ಜುಲೈ ಮಳೆಯಲ್ಲಿ ಲೈನ್ ಮೇಲೆ ಯಾವಾಗ ಮರ ಬೀಳುತ್ತೋ ಹೇಳೋಕಾಗಲ್ಲ. ಕ್ಯಾಬಿನೆಟ್ ಹೊತ್ಕೊಂಡು ಹಾಸನಕ್ಕೆ ಬಾ ಅಂದೆ. ಇಲ್ಲಿ ಯುಪಿಎಸ್ ಮೇಲೆ ಮಾಡಿ ಕಳಿಸಿದೆ.

ಪ್ರೊಸೆಸರ್ ತೆಗೆಯೋದರಲ್ಲಿ ಒಂದು ಅಪಾಯ ಇದೆ. ಬಿ450ರ ಸಾಕೆಟ್ ಆದ ಎಎಂ4ನಲ್ಲಿ ಪಿನ್‌ಗಳು ಇರುವುದು ಪ್ರೊಸೆಸರ್‌ನ ಹೊಟ್ಟೆಯಲ್ಲಿ, ಒಟ್ಟು 1331. ಕೂಲರ್ ಮತ್ತು ಪ್ರೊಸೆಸರ್ ನಡುವಿನ ಹಳೇ ಪೇಸ್ಟ್ ಒಣಗಿ ಗೋಂದಿನಂತಾಗಿದ್ದರೆ, ಲಿವರ್ ಹಾಕಿದ್ದರೂ ಕೂಲರ್ ಎಳೆದ ಕೂಡಲೇ ಪ್ರೊಸೆಸರ್ ಕಿತ್ತುಕೊಂಡು ಬರುತ್ತದೆ. ಅದಕ್ಕೇ ಮೊದಲು ಸ್ವಲ್ಪ ಹೊತ್ತು ಆಟ ಆಡಿ ಬಿಸಿ ಮಾಡಿ. ಆಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ನಿಧಾನ ತಿರುಗಿಸಿ. ಕೈಗೆ ಸಡಿಲ ಅನ್ನಿಸಿದ ಮೇಲಷ್ಟೇ ಎತ್ತಿ. ಹೊಸದನ್ನು ಇಡುವಾಗ ಮೂಲೆಯ ಚಿನ್ನದ ಬಣ್ಣದ ತ್ರಿಕೋನ ಸಾಕೆಟ್ ಮೇಲಿನ ತ್ರಿಕೋನಕ್ಕೆ ಸೇರಬೇಕು. ಸರಿಯಾಗಿ ಇಟ್ಟರೆ ತನ್ನ ಭಾರಕ್ಕೆ ತಾನೇ ಕೂರುತ್ತದೆ, ಒತ್ತಬೇಕಿಲ್ಲ. ಮೊದಲ ಸಲ ಆನ್ ಮಾಡಿದಾಗ ಪರದೆ ಬರೋದು ತಡವಾದರೆ ಗಾಬರಿ ಬೇಡ, ರ‍್ಯಾಮ್ ಹೊಂದಿಸಿಕೊಳ್ಳುತ್ತಿರುತ್ತದೆ.

ಸೆಕೆಂಡ್ ಹ್ಯಾಂಡ್ 3600 ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕುವವರು ಅದರ ಬೆಲೆಯನ್ನು ಹೊಸ 5500ರ ಬೆಲೆ ಜೊತೆ ಇಟ್ಟು ನೋಡಿ. ದೊಡ್ಡ ಅಂತರ ಇಲ್ಲದಿದ್ದರೆ ವಾರಂಟಿ ಇರುವುದನ್ನೇ ತಗೊಳ್ಳಿ. ಹಳೆಯದೇ ಆಗಬೇಕೆಂದರೆ ಕೌಂಟರ್‌ನಲ್ಲೇ ಮಗುಚಿ, ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ ಪಿನ್ ಸಾಲುಗಳನ್ನು ಓರೆಯಾಗಿ ನೋಡಿ. ಎಲ್ಲಾದರೂ ಸಾಲು ಸೊಟ್ಟಗಿದ್ದರೆ ಚೌಕಾಸಿ ಮಾಡೋಕೂ ನಿಲ್ಲಬೇಡಿ.