ಕಾಗದವಿಲ್ಲದೆ ಬ್ಯಾಂಕ್ ಲೆಕ್ಕ ಇಡಲು ಗ್ನೂಕ್ಯಾಶ್: ಹಲವು ವರ್ಷಗಳ ಬಳಕೆಯ ನಂತರ

ಬ್ಯಾಂಕಿನ ಜಾಲತಾಣದಲ್ಲಿ ಎಲ್ಲ ವಹಿವಾಟುಗಳೂ ಕಾಣುತ್ತಿರುವಾಗ ಅವನ್ನು ನಾವೇ ಮತ್ತೊಮ್ಮೆ ಬರೆದಿಟ್ಟುಕೊಳ್ಳುವುದು ಏಕೆ ಎಂದು ಹಲವರು ಕೇಳುತ್ತಾರೆ. ಅಲ್ಲಿ ಕಾಣುವುದು ಬ್ಯಾಂಕಿನ ಲೆಕ್ಕ, ನಮ್ಮದಲ್ಲ ಎಂಬುದೇ ನನ್ನ ಉತ್ತರ. ಎಷ್ಟು ಹಿಂದಿನವರೆಗಿನ ವಿವರ ತೋರಿಸಬೇಕು, ಯಾವ ರೂಪದಲ್ಲಿ ಇಳಿಸಿಕೊಳ್ಳಲು ಬಿಡಬೇಕು ಎಂಬುದನ್ನೆಲ್ಲ ಬ್ಯಾಂಕೇ ತೀರ್ಮಾನಿಸುತ್ತದೆ. ಖಾತೆಯನ್ನು ಮುಚ್ಚಿದ ಮೇಲೆ ಒಳಗೆ ಹೋಗುವ ದಾರಿಯೂ ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ. ಪಾಸ್‌ಬುಕ್ಕು ಅಥವಾ ಅಚ್ಚಾದ ಸ್ಟೇಟ್‌ಮೆಂಟು ಇದ್ದ ಕಾಲದಲ್ಲಿ ಒಂದು ಪ್ರತಿಯಾದರೂ ನಮ್ಮ ಬಳಿ ಉಳಿಯುತ್ತಿತ್ತು. ಕಾಗದವನ್ನು ಬಿಟ್ಟವರು ಆ ಪ್ರತಿಯನ್ನು ಬೇರೆ ರೀತಿಯಲ್ಲಿ ಉಳಿಸಿಕೊಳ್ಳಲೇಬೇಕು. ಆ ಕೆಲಸಕ್ಕೆ ನಾನು ಹಲವು ವರ್ಷಗಳಿಂದ ಬಳಸುತ್ತಿರುವುದು ಗ್ನೂಕ್ಯಾಶ್ ಎಂಬ ತಂತ್ರಾಂಶವನ್ನು.

ಇದು ಉಚಿತ ಹಾಗೂ ಮುಕ್ತ ಆಕರದ ತಂತ್ರಾಂಶ. ಲಿನಕ್ಸ್, ವಿಂಡೋಸ್ ಮತ್ತು ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಮೊದಲ ಸ್ಥಿರ ಆವೃತ್ತಿ 1998ರಲ್ಲಿ ಬಂದಿತು, 3.0 ಆವೃತ್ತಿ 2018ರಲ್ಲಿ, 4.0 ಆವೃತ್ತಿ 2020ರಲ್ಲಿ, 5.0 ಆವೃತ್ತಿ 2023ರಲ್ಲಿ ಬಿಡುಗಡೆಯಾದವು. ಬಳಸಲು ಯಾವ ನೋಂದಣಿಯೂ ಬೇಕಿಲ್ಲ, ಬ್ಯಾಂಕಿನ ಪಾಸ್‌ವರ್ಡನ್ನು ಅದರ ಕೈಗೆ ಕೊಡಬೇಕಾಗಿಲ್ಲ, ಲೆಕ್ಕವೆಲ್ಲ ನಮ್ಮ ಕಂಪ್ಯೂಟರಿನಲ್ಲಿರುವ ಒಂದೇ ಕಡತದಲ್ಲಿ ಇರುತ್ತದೆ.

ಅದರ ತಳಹದಿ ಜೋಡಿ ನಮೂದು ಪದ್ಧತಿ. ಇಟಲಿಯ ವರ್ತಕರು ಬಳಸುತ್ತಿದ್ದ ಈ ಕ್ರಮವನ್ನು ಲೂಕಾ ಪಾಚೋಲಿ ಎಂಬ ಗಣಿತಜ್ಞ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿವರಿಸಿದ್ದ. ಹಣ ಒಂದು ಖಾತೆಯಿಂದ ಹೊರಟರೆ ಇನ್ನೊಂದು ಖಾತೆಗೆ ಸೇರಲೇಬೇಕು ಎಂಬುದು ಅದರ ತಿರುಳು. ಉಳಿತಾಯ ಖಾತೆಯಿಂದ ವಿದ್ಯುತ್ ಬಿಲ್ ಕಟ್ಟಿದರೆ ಉಳಿತಾಯದಲ್ಲಿ ಇಳಿದ ಮೊತ್ತವೇ ವಿದ್ಯುತ್ ಖರ್ಚಿನ ಖಾತೆಯಲ್ಲಿ ಏರುತ್ತದೆ. ಎರಡು ಬದಿಯೂ ಸಮವಾಗದಿದ್ದರೆ ತಂತ್ರಾಂಶವು ವ್ಯತ್ಯಾಸವನ್ನು ಬೇರೆಯೇ ಒಂದು ಖಾತೆಗೆ ತಳ್ಳಿ ಕಣ್ಣಿಗೆ ಬೀಳುವಂತೆ ಮಾಡುತ್ತದೆ. ಲೆಕ್ಕಶಾಸ್ತ್ರ ಓದದವರಿಗೆ ಮೊದಲ ಕೆಲವು ವಾರಗಳು ಇದು ಅನಗತ್ಯ ಶಿಸ್ತು ಎನಿಸುವುದು ಸಹಜ. ಆದರೆ ಒಂದಕ್ಕಿಂತ ಹೆಚ್ಚು ಬ್ಯಾಂಕುಗಳಲ್ಲಿ ಖಾತೆ ಇರುವವರಿಗೆ ಇದರಷ್ಟು ಉಪಕಾರಿಯಾದದ್ದು ಬೇರೊಂದಿಲ್ಲ; ಒಂದು ಖಾತೆಯಿಂದ ಇನ್ನೊಂದಕ್ಕೆ ನಾವೇ ವರ್ಗಾಯಿಸಿದ ಹಣವು ಖರ್ಚೂ ಅಲ್ಲ, ಆದಾಯವೂ ಅಲ್ಲ ಎಂಬುದನ್ನು ಹೆಚ್ಚಿನ ಬ್ಯಾಂಕ್ ಆಪ್‌ಗಳು ತಮ್ಮಷ್ಟಕ್ಕೆ ತಿಳಿಯಲಾರವು.

ಬ್ಯಾಂಕಿನಿಂದ ಇಳಿಸಿಕೊಂಡ ಕಡತವನ್ನು ಆಮದು ಮಾಡುವ ಸೌಲಭ್ಯದಲ್ಲಿ ಎರಡು ರೂಪಗಳು ಮುಖ್ಯವಾದವು: ಹಣಕಾಸಿನ ಮಾಹಿತಿಯನ್ನು ಸಾಗಿಸಲೆಂದೇ ರೂಪಿಸಿದ ಒಎಫ್‌ಎಕ್ಸ್ ಮತ್ತು ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಟ್ಟಿಯಾದ ಸಿಎಸ್‌ವಿ. ಒಎಫ್‌ಎಕ್ಸ್ ಕಡತದಲ್ಲಿ ಪ್ರತಿ ವಹಿವಾಟಿಗೂ ತನ್ನದೇ ಗುರುತುಸಂಖ್ಯೆ ಇರುವುದರಿಂದ ಒಂದೇ ಕಡತವನ್ನು ಮತ್ತೆ ಆಮದು ಮಾಡಿದರೂ ನಮೂದುಗಳು ಇಮ್ಮಡಿಯಾಗುವುದಿಲ್ಲ. ಸಿಎಸ್‌ವಿಗೆ ಆ ಭಾಗ್ಯವಿಲ್ಲ. ದಿನಾಂಕ, ವಿವರ, ಮೊತ್ತ ಯಾವ ಕಾಲಮ್ಮಿನಲ್ಲಿವೆ ಎಂದು ನಾವೇ ತೋರಿಸಿಕೊಡಬೇಕು. ಆ ಹೊಂದಿಕೆಯನ್ನು ಹೆಸರಿಟ್ಟು ಉಳಿಸಿಕೊಳ್ಳಬಹುದು, ಆದರೆ ನನ್ನ ಖಾತೆಯಿರುವ ಒಂದು ಬ್ಯಾಂಕು ಮುನ್ಸೂಚನೆಯಿಲ್ಲದೆ ಕಾಲಮ್ಮುಗಳ ಕ್ರಮವನ್ನು ಬದಲಿಸಿದಾಗ ಅದನ್ನು ಹೊಸದಾಗಿ ಮಾಡಬೇಕಾಯಿತು. ಹಿಂದಿನ ನಮೂದುಗಳ ವಿವರಗಳಲ್ಲಿರುವ ಪದಗಳನ್ನು ಆಧರಿಸಿ ಹೊಸ ವಹಿವಾಟು ಯಾವ ಖರ್ಚಿನ ಖಾತೆಗೆ ಸೇರಬಹುದೆಂದು ತಂತ್ರಾಂಶವು ಸಂಭವನೀಯತೆಯ ಲೆಕ್ಕ ಹಾಕಿ ಸೂಚಿಸುತ್ತದೆ. ಕೆಲವು ತಿಂಗಳ ಮಾಹಿತಿ ಸೇರಿದ ಮೇಲೆ ಈ ಊಹೆಗಳು ಬಹುಮಟ್ಟಿಗೆ ಸರಿಯಾಗಿರುತ್ತವೆ.

ಇಲ್ಲಿಯೇ ಒಂದು ಎಚ್ಚರಿಕೆ ಅಗತ್ಯ, ಏಕೆಂದರೆ ಈ ತಂತ್ರಾಂಶವನ್ನು ಹೊಗಳುವವರಲ್ಲಿ ಬಹುಮಂದಿ ಆಮದಿನ ಸುಲಭತೆಯನ್ನೇ ಮುಂದೆ ಮಾಡುತ್ತಾರೆ. ಬ್ಯಾಂಕು ಕೊಟ್ಟ ಕಡತವನ್ನು ಹಾಗೆಯೇ ತುಂಬಿಕೊಂಡು, ಅದನ್ನು ಅದೇ ಬ್ಯಾಂಕಿನ ಸ್ಟೇಟ್‌ಮೆಂಟಿನೊಂದಿಗೆ ತಾಳೆ ನೋಡಿದರೆ ಲೆಕ್ಕ ಯಾವಾಗಲೂ ಸರಿಯಾಗಿಯೇ ಬರುತ್ತದೆ. ಅದರಿಂದ ತಿಳಿಯುವುದು ಏನೂ ಇಲ್ಲ. ಆದ್ದರಿಂದ ನಾನು ಮಾಡಿದ ಪಾವತಿಗಳನ್ನು ಆಯಾ ದಿನವೋ ಒಂದೆರಡು ದಿನ ಬಿಟ್ಟೋ ಕೈಯಾರೆ ನಮೂದಿಸುತ್ತೇನೆ, ತಿಂಗಳ ಕೊನೆಯಲ್ಲಿ ಬ್ಯಾಂಕಿನ ಕಡತವನ್ನು ಆಮದು ಮಾಡಿ ಎರಡನ್ನೂ ಎದುರುಬದುರು ಇಡುತ್ತೇನೆ. ಪ್ರತಿ ತಿಂಗಳೂ ಬರುವ ಕಂತು, ಬಾಡಿಗೆಯಂಥವನ್ನು ನಿಗದಿತ ದಿನದಂದು ತಾನಾಗಿಯೇ ಸೇರುವಂತೆ ಹೊಂದಿಸಿಡಬಹುದಾದ್ದರಿಂದ ಕೈಯಾರೆ ನಮೂದಿಸುವ ಶ್ರಮ ಅಷ್ಟೇನೂ ಇಲ್ಲ. ಆಮದಿನ ಕಿಟಕಿಯಲ್ಲಿ ನನ್ನ ನಮೂದಿಗೆ ಹೊಂದಿಕೆಯಾಗುವ ಸಾಲುಗಳು ಹೊಂದಿಕೆಯಾದವೆಂದು ಗುರುತಾಗುತ್ತವೆ. ಹೊಸದೆಂದು ಗುರುತಾಗುವ ಸಾಲು ಎಂದರೆ ನಾನು ಬರೆಯದೆ, ಬಹುಶಃ ನನಗೆ ಗೊತ್ತೇ ಇಲ್ಲದೆ ನಡೆದ ವಹಿವಾಟು. ಚಂದಾ ರದ್ದಾದ ಮೇಲೂ ಒಂದು ಸೇವೆಯವರು ಸಣ್ಣ ಮೊತ್ತವನ್ನು ಕಡಿತ ಮಾಡುತ್ತಿದ್ದದ್ದು ನನಗೆ ತಿಳಿದದ್ದು ಹೀಗೆ. ಆಪ್‌ನ ಉದ್ದನೆಯ ಪಟ್ಟಿಯಲ್ಲಿ ಅಂಥ ಸಾಲು ಇತರ ಸಾಲುಗಳಂತೆಯೇ ಕಾಣುತ್ತದೆ.

ಅನಂತರದ ಹೆಜ್ಜೆ ತಾಳೆ ನೋಡುವ ಕಿಟಕಿ. ಸ್ಟೇಟ್‌ಮೆಂಟಿನ ದಿನಾಂಕವನ್ನೂ ಅಂತಿಮ ಶಿಲ್ಕನ್ನೂ ಕೊಟ್ಟರೆ ಒಂದು ಬದಿಯಲ್ಲಿ ಬಂದ ಹಣ, ಇನ್ನೊಂದು ಬದಿಯಲ್ಲಿ ಹೋದ ಹಣ ತೆರೆದುಕೊಳ್ಳುತ್ತವೆ. ಒಂದೊಂದನ್ನೇ ಗುರುತು ಹಾಕುತ್ತ ಹೋದಂತೆ ಕೆಳಗೆ ಕಾಣುವ ವ್ಯತ್ಯಾಸದ ಅಂಕೆ ಕರಗುತ್ತ ಬರುತ್ತದೆ. ಅದು ಸೊನ್ನೆಯಾಗುವವರೆಗೆ ಮುಗಿಸುವ ಗುಂಡಿ ಕೆಲಸ ಮಾಡುವುದಿಲ್ಲ, ಬೇಕಾದರೆ ಮುಂದೂಡಬಹುದು ಅಷ್ಟೆ. ತಿಂಗಳ ಕೊನೆಯ ದಿನ ಮಾಡಿದ ಪಾವತಿ ಬ್ಯಾಂಕಿನಲ್ಲಿ ಮುಂದಿನ ತಿಂಗಳು ದಾಖಲಾದರೆ ಅದು ತಾಳೆಯಾಗದ ನಮೂದಾಗಿಯೇ ಉಳಿದು, ಮುಂದಿನ ಬಾರಿಯ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ತಾಳೆ ಮುಗಿದ ನಮೂದನ್ನು ಆಮೇಲೆ ತಿದ್ದಲು ಹೋದರೆ ತಂತ್ರಾಂಶ ಎಚ್ಚರಿಸುತ್ತದೆ. ಇಡೀ ತಂತ್ರಾಂಶದಲ್ಲಿ ನನಗೆ ಅತ್ಯಂತ ಬೆಲೆಬಾಳುವ ಭಾಗ ಇದೇ. ವರದಿಗಳು, ನಕ್ಷೆಗಳು ಇಲ್ಲದಿದ್ದರೂ ಇದೊಂದಕ್ಕಾಗಿ ನಾನು ಇದನ್ನು ಬಳಸುತ್ತಿದ್ದೆ.

ಸ್ಟೇಟ್‌ಮೆಂಟಿನ ಪಿಡಿಎಫ್ ಪ್ರತಿಯನ್ನು ಪ್ರತಿ ತಿಂಗಳೂ ಇಳಿಸಿಕೊಂಡು, ಕಡತದ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಎಂಬ ಕ್ರಮವನ್ನು ಇಟ್ಟರೆ ಅವು ತಾವಾಗಿಯೇ ಕಾಲಾನುಕ್ರಮದಲ್ಲಿ ಜೋಡಣೆಯಾಗುತ್ತವೆ. ಗ್ನೂಕ್ಯಾಶ್‌ನಲ್ಲಿ ವಹಿವಾಟಿಗೆ ಇಂಥ ದಾಖಲೆಯನ್ನು ಲಗತ್ತಿಸಬಹುದು, ಆದರೆ ಒಳಗೆ ಸೇರುವುದು ದಾಖಲೆಯ ವಿಳಾಸ ಮಾತ್ರ, ದಾಖಲೆಯಲ್ಲ. ಕಡತಕೋಶವನ್ನು ಬೇರೆಡೆಗೆ ಸಾಗಿಸಿದರೆ ಕೊಂಡಿಗಳು ತಪ್ಪಿಹೋಗುತ್ತವೆ. ದಾಖಲೆಗಳ ಮೂಲಕೋಶ ಯಾವುದೆಂದು ಆದ್ಯತೆಗಳಲ್ಲಿ ಮೊದಲೇ ತಿಳಿಸಿಟ್ಟರೆ ಆ ಒಂದು ಸ್ಥಳವನ್ನು ಬದಲಿಸಿದರೆ ಸಾಕಾಗುತ್ತದೆ. ಪಾಸ್‌ವರ್ಡ್ ಹಾಕಿ ಬರುವ ಪಿಡಿಎಫ್‌ಗಳ ವಿಷಯದಲ್ಲಿ ಇನ್ನೊಂದು ಮಾತು: ಬಹಳ ವರ್ಷಗಳ ನಂತರ ಆ ಪಾಸ್‌ವರ್ಡು ನೆನಪಿರುವುದಿಲ್ಲವಾದ್ದರಿಂದ, ಅದನ್ನು ತೆಗೆದ ಪ್ರತಿಯನ್ನು ಗೂಢಲಿಪೀಕರಿಸಿದ (ಕೀಲಿಯಿಲ್ಲದೆ ಓದಲಾಗದಂತೆ ಮಾಡಿದ) ಜಾಗದಲ್ಲಿ ಇಡುವುದು ಲೇಸು.

ಏಕೆಂದರೆ ಗ್ನೂಕ್ಯಾಶ್ ತಾನಾಗಿ ಏನನ್ನೂ ಗೂಢಲಿಪೀಕರಿಸುವುದಿಲ್ಲ. ಇದು ಅದರ ಬಹುದೊಡ್ಡ ಕೊರತೆ. ಕಡತ ಸಿಕ್ಕವರು ಅದನ್ನು ತೆರೆದು ಓದಬಲ್ಲರು. ಇಡೀ ಡಿಸ್ಕನ್ನು ಗೂಢಲಿಪೀಕರಿಸಬೇಕು ಅಥವಾ ವೆರಾಕ್ರಿಪ್ಟ್‌ನಂಥ ಸಾಧನದಿಂದ ಬೀಗ ಹಾಕಿದ ಸಂಪುಟದೊಳಗೆ ಕಡತವನ್ನು ಇಡಬೇಕು. ಖಾತೆಯ ಹೆಸರಿನೊಂದಿಗೆ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ಮಾತ್ರ ಇದ್ದರೆ ಗುರುತಿಗೆ ಸಾಕು. ಲಾಗಿನ್ ಹೆಸರು, ಪಾಸ್‌ವರ್ಡ್, ಗುಪ್ತಪ್ರಶ್ನೆಗಳ ಉತ್ತರ ಇವು ಯಾವುವೂ ಟಿಪ್ಪಣಿಯ ರೂಪದಲ್ಲಿಯೂ ಇಲ್ಲಿ ಇರಬಾರದು, ಅವುಗಳ ಸ್ಥಳ ಪಾಸ್‌ವರ್ಡ್ ಸಂಗ್ರಾಹಕ.

ಓದಬಲ್ಲ ಕಡತ ಎಂಬುದಕ್ಕೆ ಇನ್ನೊಂದು ಮುಖವೂ ಇದೆ. ಗ್ನೂಕ್ಯಾಶ್‌ನ ಮಾಮೂಲಿ ಕಡತವು ಕುಗ್ಗಿಸಿದ ಎಕ್ಸ್‌ಎಂಎಲ್ ಪಠ್ಯ. ಹಿಗ್ಗಿಸಿದರೆ ಯಾವ ಪಠ್ಯ ಸಂಪಾದಕದಲ್ಲಿಯೂ ತೆರೆಯುತ್ತದೆ. ತಂತ್ರಾಂಶ ಮುಂದೊಂದು ದಿನ ನಿಂತುಹೋದರೂ ಲೆಕ್ಕ ಕೈತಪ್ಪುವುದಿಲ್ಲ. ಬೇಕೆಂದವರು ಎಸ್‌ಕ್ಯೂಲೈಟ್ ಎಂಬ ದತ್ತಸಂಚಯದ ರೂಪದಲ್ಲಿಯೂ ಉಳಿಸಬಹುದು, ಅದರಲ್ಲಿ ಪ್ರತಿ ಬದಲಾವಣೆಯೂ ಆಗಿಂದಾಗಲೇ ದಾಖಲಾಗುತ್ತದೆ. ನಾನು ಎಕ್ಸ್‌ಎಂಎಲ್‌ಗೇ ಅಂಟಿಕೊಂಡಿದ್ದೇನೆ, ಏಕೆಂದರೆ ಉಳಿಸಿದಾಗಲೆಲ್ಲ ಹಿಂದಿನ ಸ್ಥಿತಿಯ ಒಂದು ನಕಲು ದಿನಾಂಕ ಮತ್ತು ಸಮಯದ ಹೆಸರಿನಲ್ಲಿ ಪಕ್ಕದಲ್ಲೇ ಉಳಿಯುತ್ತದೆ. ಇಂಥ ಪ್ರತಿಗಳನ್ನು ಮೊದಲ ಹೊಂದಿಕೆಯಂತೆ 30 ದಿನ ಇಟ್ಟುಕೊಳ್ಳಲಾಗುತ್ತದೆ. ಇವೆಲ್ಲ ಒಂದೇ ಡಿಸ್ಕಿನಲ್ಲಿರುವುದರಿಂದ ಬೇರೆ ಕಡೆಯ ಪ್ರತಿಗೆ ಇದು ಬದಲಿಯಲ್ಲ.

ಉಳಿದ ದೋಷಗಳು ಸಣ್ಣವು, ಆದರೆ ದಿನನಿತ್ಯ ಕಾಡುವಂಥವು. ನಮೂದಾದ ಬದಲಾವಣೆಯನ್ನು ಹಿಂತೆಗೆಯುವ ಸೌಲಭ್ಯವಿಲ್ಲ. ಪರದೆಯ ವಿನ್ಯಾಸ ಹಳೆಯದು, ವರದಿಗಳ ನೋಟವೂ ಹಾಗೆಯೇ. ಒಂದು ಕಡತವನ್ನು ಏಕಕಾಲಕ್ಕೆ ಒಬ್ಬರು ಮಾತ್ರ ಬಳಸಬಹುದಾದ್ದರಿಂದ ಮನೆಯ ಇಬ್ಬರು ಸೇರಿ ಲೆಕ್ಕ ಇಡುವುದಾದರೆ ಸರದಿಯಲ್ಲಿ ಕೆಲಸ ಮಾಡಬೇಕು. ಫೋನಿನಲ್ಲಿಯೇ ಎಲ್ಲವೂ ನಡೆಯಬೇಕೆನ್ನುವವರಿಗೆ ನಾನು ಇದನ್ನು ಸೂಚಿಸಲಾರೆ. ಒಂದೇ ಖಾತೆ, ತಿಂಗಳಿಗೆ ಬೆರಳೆಣಿಕೆಯ ವಹಿವಾಟು ಇರುವವರಿಗೆ ಸ್ಪ್ರೆಡ್‌ಶೀಟು ಮತ್ತು ಪಿಡಿಎಫ್‌ಗಳ ಒಂದು ಕಡತಕೋಶ ಧಾರಾಳವಾಗಿ ಸಾಕಾಗುತ್ತದೆ; ಮೂರನೆಯ ಖಾತೆ ಅಥವಾ ಕ್ರೆಡಿಟ್ ಕಾರ್ಡು ಬಂದು ಸೇರಿದಾಗ ಗ್ನೂಕ್ಯಾಶ್‌ನತ್ತ ನೋಡಿದರೂ ತಡವಾಗುವುದಿಲ್ಲ, ಏಕೆಂದರೆ ಆ ದಿನದ ಶಿಲ್ಕನ್ನೇ ಆರಂಭಿಕ ಶಿಲ್ಕೆಂದು ಬರೆದು ಅಲ್ಲಿಂದ ಮುಂದುವರಿಯಬಹುದು.